ಗುಂಡಿನ ಮೊನೆಯ ಬಣ್ಣ: ಒಂದು ಕಿರುಶಾಸನದ ಓದು

1565ರ ಜನವರಿಯಲ್ಲಿ ಕೃಷ್ಣಾ ತೀರದಲ್ಲಿ ನಡೆದ ಕಾಳಗಕ್ಕೆ ತಾಳಿಕೋಟೆ ಯುದ್ಧ, ರಕ್ಕಸಗಿ–ತಂಗಡಗಿ ಯುದ್ಧ ಎಂಬ ಎರಡು ಹೆಸರುಗಳು ಬಳಕೆಯಲ್ಲಿವೆ. ರಕ್ಕಸಗಿ ಮತ್ತು ತಂಗಡಗಿಗಳು ಮುದ್ದೇಬಿಹಾಳ ಸೀಮೆಯ ಹಳ್ಳಿಗಳು. ಈ ಯುದ್ಧದ ಕುರಿತು ಇತಿಹಾಸಕಾರ ಫೆರಿಷ್ತಾ ಒಂದು ವಿವರವನ್ನು ಬರೆದಿಟ್ಟಿದ್ದಾನೆ. ಅಹಮದನಗರದ ಹುಸೇನ್ ನಿಜಾಮ್ ಶಾಹನ ತೋಪುಖಾನೆಯ ಅಧಿಕಾರಿ ರೂಮಿಖಾನನು, ವಿಜಯನಗರದ ಪಡೆ ತೀರ ಹತ್ತಿರಕ್ಕೆ ನುಗ್ಗಿ ಬಂದಾಗ, ತೋಪುಗಳ ಬಾಯಿಗೆ ತಾಮ್ರದ ನಾಣ್ಯಗಳ ಚೀಲಗಳನ್ನು ತುರುಕಿ ಹಾರಿಸಿದನೆಂಬುದು ಆ ವಿವರ. ಫೆರಿಷ್ತಾ ವಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿದ್ದುಕೊಂಡು ಬರೆದವನು; ಯುದ್ಧ ಮುಗಿದು ದಶಕಗಳು ಕಳೆದ ಮೇಲೆ ಬರೆದವನು. ಆದ್ದರಿಂದ ಆತನ ಮಾತನ್ನು ಕಣ್ಣಾರೆ ಕಂಡವನ ಸಾಕ್ಷ್ಯವೆಂದು ಎಣಿಸಲಾಗದು. ಆದರೂ ಈ ವಿವರದಲ್ಲಿ ಶಾಸನಾಭ್ಯಾಸಿಯನ್ನು ತಡೆದು ನಿಲ್ಲಿಸುವ ಒಂದು ಸಂಗತಿಯಿದೆ. ನಾಣ್ಯವೆಂದರೆ ಬರಹವುಳ್ಳ ಲೋಹ. ಅದರ ಮೇಲೆ ಅರಸನ ಹೆಸರಿರುತ್ತದೆ, ಕೆಲವೊಮ್ಮೆ ಟಂಕಸಾಲೆಯ ಹೆಸರೂ ವರ್ಷವೂ ಇರುತ್ತವೆ. ಫೆರಿಷ್ತಾನ ಮಾತು ನಿಜವಾದರೆ ಅಂದು ಕೃಷ್ಣೆಯ ದಂಡೆಯಲ್ಲಿ ಸೈನಿಕರ ಮೈಯನ್ನು ಹೊಕ್ಕದ್ದು ಅಕ್ಷರಗಳನ್ನು ಹೊತ್ತ ಗುಂಡು.

ಮದ್ದುಗುಂಡುಗಳ ಮೇಲಿನ ಬರಹವೂ ಇತಿಹಾಸದ ಆಕರವೇ ಎಂಬುದನ್ನು ಕನ್ನಡದ ಅಧ್ಯಯನ ವಲಯ ಅಷ್ಟಾಗಿ ಗಮನಿಸಿಲ್ಲ. ಶಾಸನವೆಂದೊಡನೆ ವಿದ್ಯಾರ್ಥಿಯ ಮನಸ್ಸಿಗೆ ಬರುವುದು ಕಲ್ಲು ಮತ್ತು ತಾಮ್ರಪಟ. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಕಂಬದ ಶಾಸನವಿದೆ. ಅಲ್ಲೊಂದು ವಿದ್ಯಾಶಾಲೆ ಇದ್ದುದನ್ನು ಹೇಳುವ ಆ ಶಾಸನ ಪಠ್ಯಗಳಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ. ಅದೇ ಜಿಲ್ಲೆಯ ಕೋಟೆಯ ಬುರುಜಿನ ಮೇಲಿರುವ ಮಲಿಕ್–ಎ–ಮೈದಾನ ತೋಪಿನ ಬರಹಗಳು ಪ್ರವಾಸಿಗರ ಕುತೂಹಲಕ್ಕಷ್ಟೇ ಮೀಸಲಾಗಿ ಉಳಿದಿವೆ. ಸುಮಾರು 55 ಟನ್ ತೂಕದ ಆ ತೋಪು ತನ್ನ ಚರಿತ್ರೆಯನ್ನು ಮೈಮೇಲೆಯೇ ಬರೆಸಿಕೊಂಡಿದೆ: ಅಹಮದನಗರದಲ್ಲಿ 1549ರಲ್ಲಿ ಎರಕ ಹೊಯ್ಯಿಸಿದ ನಿಜಾಮಶಾಹಿ ಒಡೆಯನ ಹೆಸರು, ಎರಕ ಹೊಯ್ದ ಮುಹಮ್ಮದ್ ಎಂಬ ರೂಮಿ ಕುಶಲಕರ್ಮಿಯ ಹೆಸರು, ಇವೆರಡಕ್ಕೂ ಒಂದು ಶತಮಾನದಾಚೆಗೆ 1686ರ ಗೆಲುವಿನ ತರುವಾಯ ಔರಂಗಜೇಬನು ಕೆತ್ತಿಸಿದ ಮಾತು. ಮಾಡಿಸಿದವನು, ಮಾಡಿದವನು, ವಶಪಡಿಸಿಕೊಂಡವನು ಈ ಮೂವರೂ ಅಲ್ಲಿದ್ದಾರೆ. ಅದನ್ನು ಹಾರಿಸಿದವನೂ ಅದರ ಗುಂಡಿಗೆ ಬಿದ್ದವನೂ ಅಲ್ಲಿಲ್ಲ. 1854ರಲ್ಲಿ ಈ ತೋಪು ಹಳೆಯ ಸಾಮಾನಿನ ಜೊತೆ ಹರಾಜಿಗೆ ಬಂದು, 150 ರೂಪಾಯಿಗೆ ಮೀರಿದ ಸವಾಲು ಬಾರದೆ, ಅಧಿಕಾರಿಯೊಬ್ಬರ ಮಧ್ಯಸ್ಥಿಕೆಯಿಂದ ಉಳಿದುಕೊಂಡಿತು. ಬರಹವಿದ್ದೂ ಓದುಗರಿಲ್ಲದ ವಸ್ತುವಿನ ಬೆಲೆ ಅಷ್ಟೇ.

ತೋಪಿನ ಕಾಲದಲ್ಲಿ ಬರಹ ಆಯುಧದ ಮೇಲಿತ್ತು. ಗುಂಡು ಮೂಕವಾದ ಕಲ್ಲು ಅಥವಾ ಕಬ್ಬಿಣದ ಉಂಡೆಯಾಗಿತ್ತು. ಕಾರ್ಖಾನೆಯ ಯುಗದಲ್ಲಿ ಈ ಸ್ಥಿತಿ ಬದಲಾಯಿತು. ಗುಂಡು, ಮದ್ದು, ಕಿಡಿ ಹೊತ್ತಿಸುವ ಪ್ರೈಮರ್ ಈ ಮೂರನ್ನೂ ಹಿತ್ತಾಳೆಯ ಒಂದೇ ಕೋಶದಲ್ಲಿ ಹೊಂದಿಸಿದ ಕಾಡತೂಸು ಬಂದ ಮೇಲೆ ಪ್ರತಿಯೊಂದು ಗುಂಡಿನ ತಳಕ್ಕೂ ಅಚ್ಚು ಒತ್ತುವುದು ರೂಢಿಯಾಯಿತು. (ನಮ್ಮ ಭಾಷೆಯ ಸೋಜಿಗವೊಂದನ್ನು ಇಲ್ಲಿ ನೆನೆಯಬಹುದು. ಮೈಯ ನೋವಿಗೆ ಕೊಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಕಾಡತೂಸು, ತುಪಾಕಿ, ಫಿರಂಗಿಗಳೆಲ್ಲ ಹೊರಗಿನಿಂದ ಬಂದ ಪದಗಳು; ಮದ್ದು ಮಾತ್ರ ಅಚ್ಚಗನ್ನಡ.) ಪುಣೆಯ ಬಳಿಯ ಖಡಕಿಯಲ್ಲಿ 1869ರಲ್ಲಿ ಆರಂಭವಾದ ಮದ್ದುಗುಂಡಿನ ಕಾರ್ಖಾನೆಯು, ಆ ಊರನ್ನು ಬ್ರಿಟಿಷರು ‘ಕಿರ್ಕಿ’ ಎಂದು ಕರೆಯುತ್ತಿದ್ದುದರಿಂದ, ತನ್ನ ಕಾಡತೂಸಿನ ತಳದಲ್ಲಿ ‘ಕೆ’, ‘ಎಫ್’ ಎಂಬ ಎರಡು ಇಂಗ್ಲಿಷ್ ಅಕ್ಷರಗಳನ್ನೂ ವರ್ಷದ ಅಂಕಿಗಳನ್ನೂ ಒತ್ತಿತು. ಅವುಗಳ ಜೊತೆಗೆ ರೋಮನ್ ಅಂಕಿಯಲ್ಲಿ ‘7’ ಎಂದಿದ್ದರೆ ಅದು 1910ರಲ್ಲಿ ಬಳಕೆಗೆ ಬಂದ ಏಳನೆಯ ಮಾದರಿಯ ಸಾಮಾನ್ಯ ಗುಂಡು. ‘ಝೆಡ್’ ಅಕ್ಷರ ಸೇರಿದ್ದರೆ ಒಳಗಿರುವುದು ಕಾರ್ಡೈಟ್ ಮದ್ದಲ್ಲ, ನೈಟ್ರೋಸೆಲ್ಯುಲೋಸ್ ಮದ್ದು. ವಿಜಾಪುರ ಜಿಲ್ಲೆ ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದುದರಿಂದ ಈ ಸೀಮೆಯ ಪೋಲೀಸ್ ಠಾಣೆಗಳಲ್ಲಿ ಖಡಕಿಯ ಅಚ್ಚು ಅಪರಿಚಿತವಾಗಿರಲಾರದು.

ಅಕ್ಷರವು ಯಾರು, ಯಾವಾಗ ಎಂಬುದನ್ನು ಹೇಳಿತು. ಏನು ಎಂಬುದನ್ನು ಹೇಳುವ ಕೆಲಸ ಬಣ್ಣದ ಪಾಲಿಗೆ ಬಂದಿತು. ಇದಕ್ಕೆ ಕಾರಣ ಮಷೀನ್ ಗನ್. ನಿಮಿಷಕ್ಕೆ ಐದುನೂರರಷ್ಟು ಗುಂಡು ಹಾರಿಸುವ ಯಂತ್ರಕ್ಕೆ ಕಾಡತೂಸುಗಳನ್ನು ಒಂದೊಂದಾಗಿ ತಿರುಗಿಸಿ ತಳದ ಅಕ್ಷರ ಓದಿ ಜೋಡಿಸುವ ವ್ಯವಧಾನ ಯಾವ ಸೈನಿಕನಿಗೂ ಇರದು. ಹೊರನೋಟಕ್ಕೆ ಒಂದೇ ಬಗೆಯಾಗಿದ್ದರೂ ಒಳಗೆ ಬೇರೆ ಬೇರೆ ಗುಣವುಳ್ಳ ಗುಂಡುಗಳನ್ನು ಒಂದೇ ಪಟ್ಟಿಯಲ್ಲಿ ಗೊತ್ತಾದ ಕ್ರಮದಲ್ಲಿ ಬೆರೆಸಿ ಪೋಣಿಸಬೇಕಾಗಿತ್ತು: ಇಷ್ಟು ಸಾಮಾನ್ಯ ಗುಂಡು, ನಡುವೆ ಇಷ್ಟು ಉಕ್ಕು ತೂರುವ ಗುಂಡು, ಅಷ್ಟಕ್ಕೊಂದು ದಾರಿ ತೋರುವ ಟ್ರೇಸರ್ ಗುಂಡು. ಟ್ರೇಸರ್ ತನ್ನ ಹಿಂಬದಿಯಲ್ಲಿ ಉರಿಯನ್ನು ಹೊತ್ತು ಹಾರುತ್ತದೆ. ಗುಂಡುಗಳ ಧಾರೆ ಎಲ್ಲಿ ಬೀಳುತ್ತಿದೆಯೆಂಬುದು ಹಾರಿಸುವವನಿಗೆ ಕಾಣುತ್ತದೆ. ಪಟ್ಟಿಯಲ್ಲಿ ಸಾಲಾಗಿ ಕುಳಿತ ಕಾಡತೂಸಿನ ಎದ್ದು ಕಾಣುವ ಭಾಗ ಮೊನೆ. ಆದ್ದರಿಂದ ಅಮೆರಿಕದ ಸೇನೆ ಬಣ್ಣವನ್ನು ಮೊನೆಗೆ ಹಚ್ಚಿತು.

ಎರಡನೆಯ ಮಹಾಯುದ್ಧದ ಭಾರಿ ಮಷೀನ್ ಗನ್ನುಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಬ್ರೌನಿಂಗ್. ಅದರ ಗುಂಡಿನ ವ್ಯಾಸ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್, ಹಿತ್ತಾಳೆ ಕೋಶದ ಉದ್ದ 99 ಮಿಲಿಮೀಟರ್, ಮೊನೆಯಿಂದ ತಳದವರೆಗೆ ಇಡೀ ಕಾಡತೂಸು ಸುಮಾರು 138 ಮಿಲಿಮೀಟರ್. ಗುಂಡೊಂದೇ 45 ಗ್ರಾಮಿನ ಆಸುಪಾಸು ತೂಗುತ್ತದೆ. ಈ ಗನ್ನಿಗೂ ಕರ್ನಾಟಕಕ್ಕೂ ನಂಟಿದೆ. ಇಂಡಿಗೆ ನೆರೆಯ ಸೊಲ್ಲಾಪುರದ ಜೈನ ವರ್ತಕ ಮನೆತನದಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರಲ್ಲಿ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಗಿ ಮಾರ್ಪಟ್ಟಿತು. ಅಲ್ಲಿಗೆ ರಿಪೇರಿಗೆ ಬರುತ್ತಿದ್ದ ಲಿಬರೇಟರ್ ಬಾಂಬರುಗಳ ಒಂದೊಂದರಲ್ಲೂ ಹತ್ತರಷ್ಟು ಬ್ರೌನಿಂಗ್‌ಗಳಿರುತ್ತಿದ್ದವು. ಯುದ್ಧ ಮುಗಿದ ಮೇಲೆ ಕಾನಪುರದಲ್ಲಿ ಬಿಟ್ಟುಹೋಗಿದ್ದ ಹಳೆಯ ಲಿಬರೇಟರ್‌ಗಳಲ್ಲಿ ನಲವತ್ತರಷ್ಟನ್ನು ಇದೇ ಕಾರ್ಖಾನೆ ಜೀರ್ಣೋದ್ಧಾರ ಮಾಡಿ ಭಾರತೀಯ ವಾಯುಪಡೆಗೆ ಒಪ್ಪಿಸಿತು; 1968ರ ವರೆಗೂ ಅವು ಸೇವೆಯಲ್ಲಿದ್ದವು.

ಇನ್ನು ಬಣ್ಣಗಳ ಓದು. ಯುದ್ಧಕಾಲದ ಅಮೆರಿಕನ್ ಪದ್ಧತಿಯಲ್ಲಿ ಬಣ್ಣವಿಲ್ಲದ ಮೊನೆ ಸಾಮಾನ್ಯ ಗುಂಡಿನದು. ಕಪ್ಪು ಮೊನೆಯೆಂದರೆ ಒಳಗೆ ಗಡಸು ಉಕ್ಕಿನ ತಿರುಳಿದ್ದು ಕವಚವನ್ನು ಭೇದಿಸುವ ಗುಂಡು. ಕೆಂಪು ಮೊನೆಯದು ಟ್ರೇಸರ್. ಇದರ ಉರಿಗೆ ಕೆಂಪು ಬಣ್ಣ ಕೊಡುವುದು ಸ್ಟ್ರಾನ್ಷಿಯಂ ಲವಣ. ಹೀಗಾಗಿ ಮೊನೆಯ ಕೆಂಪಿಗೂ ಆಕಾಶದಲ್ಲಿ ಕಾಣುವ ಗೆರೆಯ ಕೆಂಪಿಗೂ ಹೊಂದಿಕೆಯಿದೆ. ಟ್ರೇಸರ್‌ನ ಬೇರೆ ಮಾದರಿಗಳಿಗೆ ಕಿತ್ತಳೆ ಮತ್ತು ಕಂದು ಬಣ್ಣಗಳನ್ನು ಬಳಸಿದರು. ತಿಳಿನೀಲಿ ಮೊನೆ ಬೆಂಕಿ ಹೊತ್ತಿಸುವ ಗುಂಡಿನದು. ಬೆಳ್ಳಿಯಂತೆ ಹೊಳೆಯುವ ಅಲ್ಯುಮಿನಿಯಂ ಬಣ್ಣ ಬಂದದ್ದು ಯುದ್ಧದ ನಡುವಣ ವರ್ಷಗಳಲ್ಲಿ. ಉಕ್ಕಿನ ತಿರುಳೂ ಅದರ ಮುಂದೆ ಉರಿಯುವ ಮಿಶ್ರಣವೂ ಒಟ್ಟಿಗಿರುವ, ತೂರುವುದು ಮತ್ತು ಸುಡುವುದು ಎರಡನ್ನೂ ಮಾಡುವ ಗುಂಡನ್ನು ಅದು ಸೂಚಿಸುತ್ತದೆ. ಇದಕ್ಕೆ ಟ್ರೇಸರ್ ಗುಣವನ್ನೂ ಸೇರಿಸಿದಾಗ ಕೆಂಪು ಮೊನೆಯ ಹಿಂದೆ ಬೆಳ್ಳಿಯ ಉಂಗುರವೊಂದನ್ನು ಬರೆದರು. ಯುದ್ಧದ ಕೊನೆಯಲ್ಲಿ ಬಂದ ಮತ್ತೊಂದು ದಹಕ ಗುಂಡಿಗೆ ನೀಲಿ ಮೊನೆ, ಅದರ ಹಿಂದೆ ತಿಳಿನೀಲಿ ಉಂಗುರ. ಹೊಸ ಬಣ್ಣವನ್ನು ಹುಡುಕುವ ಬದಲು ಇದ್ದ ಬಣ್ಣಗಳನ್ನೇ ಕೂಡಿಸಿ ಹೊಸ ಅರ್ಥ ಹುಟ್ಟಿಸಿದ ಈ ಕ್ರಮವನ್ನು ವ್ಯಾಕರಣದ ವಿದ್ಯಾರ್ಥಿ ಸಮಾಸವೆಂದು ಕರೆದರೆ ತಪ್ಪಾಗದು.

ಆದರೆ ಈ ವ್ಯಾಕರಣ ಒಂದು ದೇಶದ್ದು. ಗಡಿ ದಾಟಿದರೆ ಅದೇ ಬಣ್ಣ ಬೇರೆ ಮಾತಾಡುತ್ತದೆ. ಬ್ರಿಟಿಷರ ಪದ್ಧತಿಯಲ್ಲಿ ಬಹುಕಾಲ ಬಣ್ಣದ ಜಾಗ ಮೊನೆಯಾಗಿರಲಿಲ್ಲ. ಕಾಡತೂಸಿನ ತಳದಲ್ಲಿ ಪ್ರೈಮರಿನ ಸುತ್ತ ಹಚ್ಚುವ ವಾರ್ನಿಷಿನ ಉಂಗುರವಾಗಿತ್ತು. ಅಲ್ಲಿ ನೇರಳೆಯೆಂದರೆ ಸಾಮಾನ್ಯ ಗುಂಡು, ಹಸಿರೆಂದರೆ ಕವಚಭೇದಿ, ಕೆಂಪೆಂದರೆ ಟ್ರೇಸರ್, ನೀಲಿಯೆಂದರೆ ದಹಕ, ಹಳದಿಯೆಂದರೆ ಕೋವಿಯ ಬಲವನ್ನು ಪರೀಕ್ಷಿಸಲು ಹಾರಿಸುವ ಗುಂಡು. ಇದರೊಂದಿಗೆ ತಳದ ಅಚ್ಚಿನಲ್ಲಿ ಗುಣಸೂಚಕ ಅಕ್ಷರವೂ ಇರುತ್ತಿತ್ತು: ಕವಚಭೇದಿಗೆ ‘ಡಬ್ಲ್ಯು’, ಟ್ರೇಸರಿಗೆ ‘ಜಿ’, ದಹಕಕ್ಕೆ ‘ಬಿ’. ಜಪಾನಿ ಭೂಸೇನೆಯು ಗುಂಡೂ ಕೋಶವೂ ಕೂಡುವ ಕಂಠದಲ್ಲಿ ಬಣ್ಣದ ಗೆರೆ ಎಳೆಯಿತು. ಅಲ್ಲಿ ಗುಲಾಬಿ ಸಾಮಾನ್ಯ, ಕಪ್ಪು ಕವಚಭೇದಿ, ಹಸಿರು ಟ್ರೇಸರ್. ಸೋವಿಯತ್ ದೇಶದಲ್ಲೂ ಹಸಿರು ಮೊನೆ ಟ್ರೇಸರಿನದೇ. ಅಲ್ಲಿನ ಭಾರಿ ಮಷೀನ್ ಗನ್ನಿನ ಗುಂಡೂ 12.7 ಮಿಲಿಮೀಟರಿನದೇ, ಆದರೆ ಕೋಶದ ಉದ್ದ 108 ಮಿಲಿಮೀಟರ್. ಎರಡೂ ಒಂದಕ್ಕೊಂದು ಒಗ್ಗುವುದಿಲ್ಲ. ಅದರಲ್ಲಿ ಕಪ್ಪು ಮೊನೆಯ ಹಿಂದೆ ಕೆಂಪು ಉಂಗುರವಿದ್ದರೆ ತೂರಿ ಸುಡುವ ಗುಂಡು. ನೇರಳೆ ಮೊನೆಯ ಹಿಂದೆ ಕೆಂಪು ಉಂಗುರವಿದ್ದರೆ ಅದಕ್ಕೆ ಟ್ರೇಸರ್ ಗುಣವೂ ಕೂಡಿದೆ ಎಂದರ್ಥ. ಒಬ್ಬನಿಗೆ ಸಾಮಾನ್ಯವೆಂದು ತೋರುವ ನೇರಳೆ ಮತ್ತೊಬ್ಬನಿಗೆ ಬೆಂಕಿ. ಒಬ್ಬನ ಹಸಿರು ಉಕ್ಕನ್ನು ತೂರುತ್ತದೆ, ಮತ್ತೊಬ್ಬನ ಹಸಿರು ದಾರಿ ತೋರುತ್ತದೆ. ದೇಶ ಮತ್ತು ಕಾಲ ತಿಳಿಯದೆ ಬಣ್ಣವನ್ನು ಓದಲು ಹೊರಡುವುದು, ಲಿಪಿಯ ಕಾಲವನ್ನು ಗುರುತಿಸದೆ ಶಾಸನಪಾಠ ಸಿದ್ಧಪಡಿಸಲು ಹೊರಟಂತೆ.

ಇಲ್ಲಿ ಜಾನ್ ಫೇತ್‌ಫುಲ್ ಫ್ಲೀಟನ ನೆನಪು ಬರುವುದು ಸಹಜ. ಮುಂಬಯಿ ಪ್ರಾಂತ್ಯದ ಅಧಿಕಾರಿಯಾಗಿದ್ದು ಕನ್ನಡ ಜಿಲ್ಲೆಗಳ ಅರಸು ಮನೆತನಗಳ ಚರಿತ್ರೆಯನ್ನು ಬರೆದ ಫ್ಲೀಟನು, ಗಂಗರ ಹೆಸರಿನಲ್ಲಿ ದೊರೆತ ಅನೇಕ ತಾಮ್ರಪಟಗಳನ್ನು ಕೂಟಶಾಸನಗಳೆಂದು ತಳ್ಳಿಹಾಕಿದನು. ಬಿ.ಎಲ್. ರೈಸ್ ಅವರಿಗೂ ಆತನಿಗೂ ಈ ವಿಷಯದಲ್ಲಿ ನಡೆದ ವಾದ ಪ್ರಸಿದ್ಧ. ಫ್ಲೀಟನ ನಿರ್ಣಯಗಳೆಲ್ಲ ಉಳಿದಿಲ್ಲವಾದರೂ ಆತನ ವಿಧಾನ ಉಳಿದಿದೆ: ಪಟವು ತನ್ನ ಬಗ್ಗೆ ಹೇಳಿಕೊಳ್ಳುವ ತೇದಿಗೂ ಅದರ ಅಕ್ಷರಗಳ ರೂಪಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದು. ಇದೇ ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದನು. ಹಲಗಲಿಯ ಬೇಡರ ದಂಗೆಯ ಲಾವಣಿ ಅವುಗಳಲ್ಲೊಂದು. ಆ ದಂಗೆಯ ಮೂಲದಲ್ಲಿದ್ದದ್ದು 1857ರ ನಿಶ್ಶಸ್ತ್ರೀಕರಣದ ಕಾಯಿದೆ. ಸರ್ಕಾರದ ಪರವಾನಗಿಯಿಲ್ಲದ ಆಯುಧ ಕೈಯಲ್ಲಿರಕೂಡದೆಂಬ ಆಜ್ಞೆಯನ್ನು ಬೇಡರು ಒಪ್ಪಲಿಲ್ಲ. ಆಯುಧದ ಗುರುತು ಯಾರ ಕೈಯಲ್ಲಿರಬೇಕೆಂಬುದೇ ಅಲ್ಲಿ ಜೀವನ್ಮರಣದ ಪ್ರಶ್ನೆಯಾಯಿತು.

ಕೂಟಶಾಸನದ ಸಮಸ್ಯೆ ಗುಂಡಿನ ಸಂಗ್ರಹದಲ್ಲೂ ಉಂಟು. ಪರದೇಶಗಳಲ್ಲಿ ಯುದ್ಧಕಾಲದ ಕಾಡತೂಸುಗಳನ್ನು ಸಂಗ್ರಹಿಸುವ ಹವ್ಯಾಸ ವ್ಯಾಪಕವಾಗಿದೆ. ಅಪರೂಪದ ಬಣ್ಣಕ್ಕೆ ಹೆಚ್ಚಿನ ಬೆಲೆಯಿರುವಲ್ಲಿ ಒಂದು ಕುಂಚ ಮತ್ತು ಒಂದು ಡಬ್ಬಿ ಬಣ್ಣ ಸಾಮಾನ್ಯ ಗುಂಡನ್ನು ಅಪೂರ್ವವಾಗಿಸುತ್ತವೆ. ಇದು ಯಾವಾಗಲೂ ಮೋಸದ ಉದ್ದೇಶದಿಂದಲೇ ಆಗಬೇಕೆಂದಿಲ್ಲ. ಮಾಸಿದ ಬಣ್ಣವನ್ನು ಅಂದಗಾಣಿಸಲು ಮತ್ತೆ ಬಳಿದವರಿರುತ್ತಾರೆ, ಮದ್ದಿಲ್ಲದ ಗುಂಡನ್ನು ಪ್ರದರ್ಶನಕ್ಕೆಂದು ಸಿಂಗರಿಸಿದವರಿರುತ್ತಾರೆ. ಓಲೆಗರಿಯ ಪ್ರತಿಕಾರನು ಸವೆದ ಅಕ್ಷರವನ್ನು ತನಗೆ ತೋಚಿದಂತೆ ತಿದ್ದಿದಾಗ ಪಾಠಾಂತರ ಹುಟ್ಟುವಂತೆ ಇಲ್ಲಿಯೂ ಹುಟ್ಟುತ್ತದೆ. ಇದಲ್ಲದೆ ಕಾಲವೇ ಮಾಡುವ ತಿದ್ದುಪಡಿಗಳಿವೆ. ತಾಮ್ರದ ಹೊದಿಕೆ ಕಪ್ಪಿಟ್ಟು ಬಣ್ಣವೇ ಇರದ ಗುಂಡು ಕವಚಭೇದಿಯಂತೆ ಕಾಣಬಹುದು. ಕೆಂಪು ಮಾಸಿ ಕಂದಾದರೆ ಒಂದು ಮಾದರಿ ಇನ್ನೊಂದಾಗಿ ತೋರುತ್ತದೆ. ಅಲ್ಯುಮಿನಿಯಂ ಬಣ್ಣ ಬೂದಿಯಾಗಿ, ಕೊನೆಗೆ ಉದುರಿಯೇ ಹೋದೀತು. ಇನ್ನು ಹಾರಿ ಮಣ್ಣಿಗೆ ಬಿದ್ದ ಗುಂಡಿನಲ್ಲಿ ಬಣ್ಣವನ್ನು ಹುಡುಕುವುದೇ ಹೆಚ್ಚು. ಅದು ತನ್ನ ಕೋಶವನ್ನು, ಅಂದರೆ ತನ್ನ ಅಕ್ಷರವನ್ನು, ಹಾರಿದ ಜಾಗದಲ್ಲೇ ಬಿಟ್ಟು ಬಂದಿರುತ್ತದೆ.

ಆದ್ದರಿಂದ ಓದಿನ ಕ್ರಮ ಬಣ್ಣದಿಂದ ಆರಂಭವಾಗಬಾರದು. ಮೊದಲು ನೋಡಬೇಕಾದದ್ದು ಅಳತೆ. ಕೋಶದ ಉದ್ದವೊಂದೇ ಅಮೆರಿಕದ ಮತ್ತು ಸೋವಿಯತ್ತಿನ ಗುಂಡನ್ನು ಬೇರ್ಪಡಿಸುತ್ತದೆ. ಅನಂತರ ತಳದ ಅಚ್ಚು. ಅಮೆರಿಕದ ಕಾಡತೂಸಿನಲ್ಲಿ ‘ಎಸ್’, ‘ಎಲ್’ ಎಂದಿದ್ದರೆ ಸೇಂಟ್ ಲೂಯಿಯ ಕಾರ್ಖಾನೆ, ‘ಎಲ್’, ‘ಸಿ’ ಎಂದಿದ್ದರೆ ಲೇಕ್ ಸಿಟಿ, ‘ಡಿ’, ‘ಎಂ’ ಎಂದಿದ್ದರೆ ಡೆಮಾಯಿನ್, ‘ಟಿ’, ‘ಡಬ್ಲ್ಯು’ ಎಂದಿದ್ದರೆ ಟ್ವಿನ್ ಸಿಟೀಸ್. ಅದರ ಎದುರಿಗೆ ವರ್ಷದ ಅಂಕಿ. ಈ ವರ್ಷ ಹಿತ್ತಾಳೆ ಕೋಶವನ್ನು ತಯಾರಿಸಿದ ವರ್ಷವೇ ಹೊರತು ಗುಂಡು ತುಂಬಿದ ಅಥವಾ ಹಾರಿಸಿದ ವರ್ಷವಲ್ಲವೆಂಬುದನ್ನು ಮರೆಯಬಾರದು. ಮೂರನೆಯದಾಗಿ ಬಣ್ಣ, ಅದೂ ಈ ವರ್ಷದ ಜೊತೆ ತಾಳೆ ನೋಡಿಯೇ. 1930ರ ದಶಕದ ಅಚ್ಚುಳ್ಳ ಕೋಶದ ಮೇಲೆ ಬೆಳ್ಳಿಯ ಮೊನೆ ಕಂಡರೆ ಫ್ಲೀಟನಂತೆ ಹುಬ್ಬೇರಿಸುವುದು ಕ್ಷೇಮ, ಏಕೆಂದರೆ ಆ ಗುಂಡು ಆಗ ಹುಟ್ಟಿಯೇ ಇರಲಿಲ್ಲ. ಅಯಸ್ಕಾಂತ ಹಿಡಿದು ನೋಡಿ ಕವಚಭೇದಿಯೆಂದು ತೀರ್ಮಾನಿಸುವವರೂ ಇದ್ದಾರೆ. ಅರ್ಧ ಅಂಗುಲದ ಸಾಮಾನ್ಯ ಗುಂಡಿನಲ್ಲೂ ಮೆದು ಉಕ್ಕಿನ ತಿರುಳಿರುವುದರಿಂದ ಅಯಸ್ಕಾಂತ ಎರಡಕ್ಕೂ ಅಂಟುತ್ತದೆ, ಆ ಪರೀಕ್ಷೆ ಇಲ್ಲಿ ನಿಷ್ಫಲ. ಗುಂಡನ್ನು ಕಿತ್ತು, ಕೊರೆದು ನೋಡುವುದಂತೂ ಓದಲ್ಲ, ದುಸ್ಸಾಹಸ. ಎಂಬತ್ತು ವರ್ಷ ಮಣ್ಣಿನಲ್ಲಿದ್ದ ಮಾತ್ರಕ್ಕೆ ಮದ್ದು ಸತ್ತಿದೆಯೆಂದು ನಂಬಲಾಗದು, ಉರಿಯುವ ಮಿಶ್ರಣವನ್ನಂತೂ ನಂಬಲೇಬಾರದು. ಭಾರತದಲ್ಲಿ 1959ರ ಆಯುಧ ಕಾಯಿದೆಯ ಪ್ರಕಾರ ಮದ್ದುಗುಂಡನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಹೊಲದಲ್ಲೋ ಹಳೆಯ ಅಟ್ಟದ ಪೆಟ್ಟಿಗೆಯಲ್ಲೋ ಅಂಥದ್ದು ಕಂಡರೆ ಮುಟ್ಟದೆ ಪೋಲೀಸರಿಗೆ ತಿಳಿಸಿ, ಅಧ್ಯಯನಕ್ಕೆ ದೂರದಿಂದ ತೆಗೆದ ಚಿತ್ರವನ್ನು ಇಟ್ಟುಕೊಂಡರೆ ಸಾಕು.

ಇಷ್ಟು ಶ್ರಮಪಟ್ಟು ಓದುವುದರಿಂದ ತಿಳಿಯುವುದಾದರೂ ಏನು? ಬಣ್ಣಗಳ ಈ ಪಟ್ಟಿಯನ್ನು ಕಾಲಾನುಕ್ರಮದಲ್ಲಿಟ್ಟು ನೋಡಿದರೆ, ಮನುಷ್ಯ ತಾನೇ ಹಾಕಿಕೊಂಡ ನಿಯಮವನ್ನು ಹಂತಹಂತವಾಗಿ ಸಡಿಲಿಸಿದ ಕಥೆ ಅದರಲ್ಲಿದೆ. 1868ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೂಡಿದ ರಾಷ್ಟ್ರಗಳು 400 ಗ್ರಾಮಿಗಿಂತ ಕಡಿಮೆ ತೂಕದ ಸ್ಫೋಟಕ ಅಥವಾ ಉರಿಯುವ ಗುಂಡುಗಳನ್ನು ಪರಸ್ಪರ ಯುದ್ಧದಲ್ಲಿ ಬಳಸುವುದಿಲ್ಲವೆಂದು ಘೋಷಿಸಿದವು. ಶತ್ರುವನ್ನು ಅಶಕ್ತನನ್ನಾಗಿಸಿದರೆ ಸಾಕು, ಗಾಯದ ನೋವನ್ನು ವ್ಯರ್ಥವಾಗಿ ಹೆಚ್ಚಿಸುವುದು ಸಲ್ಲದು ಎಂಬುದು ಅದರ ಹಿಂದಿನ ತರ್ಕ. 1899ರಲ್ಲಿ ಹೇಗ್‌ನಲ್ಲಿ, ಮೈಯೊಳಗೆ ಹೊಕ್ಕು ಅರಳಿಕೊಳ್ಳುವ ಗುಂಡುಗಳಿಗೂ ನಿಷೇಧ ಬಂತು. ಆ ಗುಂಡುಗಳಿಗೆ ಜಗತ್ತೆಲ್ಲ ಬಳಸುವ ಹೆಸರು ಕಲಕತ್ತೆಯ ಪಕ್ಕದ ದಮ್ ದಮ್ ಊರಿನದು. 1890ರ ದಶಕದಲ್ಲಿ ಅಲ್ಲಿನ ಬ್ರಿಟಿಷ್ ಶಸ್ತ್ರಾಗಾರದಲ್ಲಿ ಅವು ತಯಾರಾದವು. ಗುಡ್ಡಗಾಡಿನ ಬುಡಕಟ್ಟುಗಳ ಮೇಲೆ ಪ್ರಯೋಗಿಸಬಹುದಾದ ಗುಂಡು ಯುರೋಪಿಯನ್ ಸೈನಿಕನ ಮೇಲೆ ಪ್ರಯೋಗಿಸಬಾರದ್ದು ಎಂಬ ವಿಚಿತ್ರ ನ್ಯಾಯ ಆ ಕಾಲದ ವಾದಗಳಲ್ಲಿ ಕೇಳಿಬಂದಿತ್ತು. ಊರೊಂದರ ಹೆಸರು ಹೀಗೆ ಕ್ರೌರ್ಯದ ವಾಚಕವಾಗಿ ನಿಘಂಟು ಸೇರಿದ್ದನ್ನು ಭಾಷಾಭ್ಯಾಸಿಗಳು ಗಮನಿಸಬೇಕು.

ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ವಾಯುನೌಕೆಗಳು ಲಂಡನ್ನಿನ ಮೇಲೆ ಬಾಂಬು ಹಾಕತೊಡಗಿದಾಗ 1868ರ ಘೋಷಣೆ ಅಲುಗಾಡಿತು. ಜಲಜನಕ ತುಂಬಿದ ಆ ಭಾರಿ ಚೀಲಗಳನ್ನು ಸಾಮಾನ್ಯ ಗುಂಡು ತೂತು ಮಾಡುತ್ತಿತ್ತೇ ಹೊರತು ಹೊತ್ತಿಸುತ್ತಿರಲಿಲ್ಲ. ಅದಕ್ಕೆಂದು ಬಂದ ರಂಜಕದ ಗುಂಡು ಬಕಿಂಗ್‌ಹ್ಯಾಮ್ ಎಂಬ ಅದರ ನಿರ್ಮಾಪಕನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಅದನ್ನು ಒಯ್ಯುವ ವಿಮಾನಚಾಲಕರು, ಇದು ವಾಯುನೌಕೆ ಮತ್ತು ಬಲೂನುಗಳ ಮೇಲಿನ ಬಳಕೆಗೆ ಮಾತ್ರ ಎಂಬ ಲಿಖಿತ ಆಜ್ಞೆಯನ್ನು ಜೇಬಿನಲ್ಲಿ ಇಟ್ಟುಕೊಂಡಿರಬೇಕಾಗಿತ್ತು. ಸೆರೆಸಿಕ್ಕಾಗ ತಮ್ಮನ್ನು ರಕ್ಷಿಸಿಕೊಳ್ಳಲು ಅವರಿಗಿದ್ದ ಆಧಾರ ಆ ಕಾಗದ. 1923ರಲ್ಲಿ ಹೇಗ್‌ನಲ್ಲಿ ಸಿದ್ಧವಾದ ವಾಯುಯುದ್ಧದ ನಿಯಮಗಳ ಕರಡು, ವಿಮಾನಗಳು ಟ್ರೇಸರ್, ದಹಕ ಮತ್ತು ಸ್ಫೋಟಕ ಗುಂಡು ಬಳಸುವುದಕ್ಕೆ ನಿಷೇಧವಿಲ್ಲವೆಂದಿತು. ಆ ಕರಡು ಒಪ್ಪಂದವಾಗಿ ಜಾರಿಗೆ ಬರಲೇ ಇಲ್ಲ, ಆದರೆ ಆಚರಣೆ ಅದರ ಮಾತನ್ನೇ ಹಿಡಿಯಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಜೇಬಿನ ಕಾಗದ ಮಾಯವಾಗಿ, 45 ಗ್ರಾಮಿನ ಗುಂಡಿನ ಮೊನೆಯಲ್ಲಿ ತಿಳಿನೀಲಿ ಬಣ್ಣ ಉಳಿಯಿತು. ಕೋಟ್ಯಂತರ ಗುಂಡುಗಳಿಗೆ ಯಂತ್ರವೇ ಆ ಬಣ್ಣವನ್ನು ಬಳಿಯುತ್ತಿತ್ತು. ಒಂದು ಕಾಲದಲ್ಲಿ ವಿವರಣೆ ಕೊಡಬೇಕಾಗಿದ್ದ ವಸ್ತು ಈಗ ಕೇವಲ ವರ್ಗೀಕರಣದ ವಿಷಯ. ಸಂಗ್ರಾಹಕರ ಕೈಪಿಡಿಗಳಲ್ಲಿ ಈ ಪೂರ್ವಕಥೆಗೆ ಸಾಮಾನ್ಯವಾಗಿ ಎಡೆಯಿರುವುದಿಲ್ಲ. ಅಲ್ಲಿ ಬಣ್ಣಕ್ಕೆ ಅರ್ಥವಿರುತ್ತದೆ, ಆ ಅರ್ಥಕ್ಕೆ ಚರಿತ್ರೆಯಿರುವುದಿಲ್ಲ.

ಸ್ಥಳೀಯ ಇತಿಹಾಸವನ್ನು ಬರೆಯುವವರಿಗೆ ಇನ್ನೊಂದು ಎಚ್ಚರ ಅಗತ್ಯ. 1948ರ ಸೆಪ್ಟೆಂಬರ್ 13ರಿಂದ 17ರ ವರೆಗೆ ನಡೆದ ಹೈದರಾಬಾದ್ ಕಾರ್ಯಾಚರಣೆಯ ಮುನ್ನಾದಿನಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ ತಾಲೂಕುಗಳು ನಿಜಾಮ ಸಂಸ್ಥಾನದ ಗಡಿಗೆ ಅಂಟಿಕೊಂಡಿದ್ದವು. ಭೀಮೆಯ ಆಚೆ ಅಫಜಲಪುರ, ಈಚೆ ಇಂಡಿ. ಬಸವನ ಬಾಗೇವಾಡಿ ಗಡಿಯಿಂದ ತುಸು ಒಳಗಿದ್ದರೂ ಅದೇ ಸೀಮೆಯ ಕಳವಳದಲ್ಲಿ ಪಾಲುದಾರನಾಗಿತ್ತು. ರಜಾಕಾರರ ದಾಳಿಗೆ ಹೆದರಿ ಜನ ಹೊಳೆ ದಾಟಿ ಬಂದ ಕಥೆಗಳು ಈ ಹಳ್ಳಿಗಳಲ್ಲಿ ಇನ್ನೂ ಕೇಳಸಿಗುತ್ತವೆ. ಇಂಥ ಊರಿನ ಹೊಲದಲ್ಲಿ ‘ಕೆ’, ‘ಎಫ್’ ಅಕ್ಷರಗಳೂ 1943 ಎಂಬ ವರ್ಷವೂ ಇರುವ ಖಾಲಿ ಹಿತ್ತಾಳೆ ಕೋಶವೊಂದು ದೊರೆತಿತೆಂದುಕೊಳ್ಳೋಣ. ಅದನ್ನು ಆಧರಿಸಿ ಇಲ್ಲಿ ಭಾರತೀಯ ಸೇನೆ ಗುಂಡು ಹಾರಿಸಿತೆಂದು ಬರೆಯಲು ಬರುತ್ತದೆಯೇ? ಬರುವುದಿಲ್ಲ. ಭಾರತದ ಸೇನೆ, ಮುಂಬಯಿಯ ಪೋಲೀಸರು, ನಿಜಾಮನ ಸೈನ್ಯ ಎಲ್ಲರೂ ಬಳಸುತ್ತಿದ್ದದ್ದು ಅದೇ .303 ಅಳತೆಯ ಬ್ರಿಟಿಷ್ ಮಾದರಿಯ ಕೋವಿ. ಅದರ ಮೇಲೆ ಆಸ್ಟ್ರೇಲಿಯದ ಸಿಡ್ನಿ ಕಾಟನ್ ಎಂಬ ವೈಮಾನಿಕ ಕರಾಚಿಯಿಂದ ರಾತ್ರಿಯ ಹೊತ್ತು ಹೈದರಾಬಾದ್ ಸಂಸ್ಥಾನಕ್ಕೆ ವಿಮಾನಗಳಲ್ಲಿ ಆಯುಧ ಸಾಗಿಸಿದನು. ಹೀಗಾಗಿ ಎಲ್ಲಿಯ ಕಾರ್ಖಾನೆಯ ಅಚ್ಚು ಯಾರ ಕೋವಿಯಲ್ಲಿ ಸಿಡಿಯಿತೆಂದು ಹೇಳುವಂತಿಲ್ಲ. ತಳದ ಅಕ್ಷರ ಮಾಡಿದವನದು, ಹಾರಿಸಿದವನದಲ್ಲ.

ಮಲಿಕ್–ಎ–ಮೈದಾನದ ಮೂರು ಬರಹಗಳಲ್ಲಿದ್ದ ಕೊರತೆಯೇ ಇಲ್ಲಿಯೂ ಇದೆ. ಆ ಕೊರತೆಯನ್ನು ತುಂಬಬಲ್ಲವು ಠಾಣೆಯ ದಫ್ತರಗಳು, ಗಡಿಭಾಗದ ಲಾವಣಿಗಳು, ಹೊಳೆ ದಾಟಿದ್ದನ್ನು ಎಳೆಯ ಕಣ್ಣಿನಿಂದ ಕಂಡು ಈಗ ತೊಂಬತ್ತರ ಅಂಚಿನಲ್ಲಿರುವ ಹಿರಿಯರ ಮಾತುಗಳು. ದಫ್ತರ ಇನ್ನೂ ಕೆಲವು ಕಾಲ ಕಾದೀತು. ಇಂಡಿ–ಸಿಂದಗಿಯ ಹಳ್ಳಿಗಳಲ್ಲಿ ಆ ಹಿರಿಯರ ಸಂಖ್ಯೆ ವರ್ಷವರ್ಷಕ್ಕೂ ಕಡಿಮೆಯಾಗುತ್ತಿದೆ.